ಬಿಡುಗಡೆಯ ದಿನವೇ ಕಳ್ಳಪ್ರತಿ: ಸಣ್ಣ ಕನ್ನಡ ಆಡಿಯೊ ಸಂಸ್ಥೆ ಮೊದಲು ಎಲ್ಲಿ ಕೈ ಹಾಕಬೇಕು?

ತಂಬೂರಿತಂತಿ

ನಮಸ್ಕಾರ. ಸಿನಿಮಾದ ಹೊರಗಿನ ಭಾವಗೀತೆ, ಜಾನಪದ, ಹೊಸ ತಂಡಗಳ ಹಾಡು ತರುವ ಸಣ್ಣ ಆಡಿಯೊ ಸಂಸ್ಥೆಗಳ ಮಟ್ಟಿಗೆ ಈ ಪ್ರಶ್ನೆ. ಬೆಳಿಗ್ಗೆ ಹಾಡು ಬಿಡುಗಡೆಯಾದರೆ ಸಂಜೆಯೊಳಗೆ ಕಳ್ಳಪ್ರತಿ ಐದು ದಾರಿಯಲ್ಲಿ ಹೊರಡುತ್ತದೆ. ಯೂಟ್ಯೂಬ್‌ನಲ್ಲಿ ಬೇರೆ ಚಿತ್ರ ಅಂಟಿಸಿ, ಶ್ರುತಿ ತುಸು ಏರಿಸಿ ಮರು ಅಪ್‌ಲೋಡ್. ಟೆಲಿಗ್ರಾಂ ಚಾನೆಲ್‌ಗಳಲ್ಲಿ 320 ಕೆಬಿಪಿಎಸ್ ಫೈಲು. ಎಂಪಿ3 ಡೌನ್‌ಲೋಡ್ ಸೈಟುಗಳು. ಯೂಟ್ಯೂಬ್ ಲಿಂಕ್ ಹಾಕಿದರೆ ಆಡಿಯೊ ಇಳಿಸಿಕೊಡುವ ಕನ್ವರ್ಟರ್‌ಗಳು. ಇತ್ತೀಚೆಗೆ ಹೆಚ್ಚಾಗಿರುವುದು, ಅದೇ ಹಾಡಿನ ವೇಗ ಹೆಚ್ಚಿಸಿ ಅಥವಾ ‘ಸ್ಲೋಡ್ ರಿವರ್ಬ್’ (ನಿಧಾನಗೊಳಿಸಿ ಗುಂಗು ಸೇರಿಸುವುದು) ಮಾಡಿ ಇನ್ಯಾರದೋ ಹೆಸರಲ್ಲಿ ಸ್ಟ್ರೀಮಿಂಗ್ ಆ್ಯಪ್‌ಗಳಿಗೇ ಏರಿಸುವುದು.

ಸಲಹೆ ಕೇಳಿದರೆ ತಲೆಗೊಂದು ಮಾತು. ಪೊಲೀಸ್ ದೂರು ಕೊಡಿ, ಗೂಂಡಾ ಕಾಯ್ದೆಯಲ್ಲಿ ಆಡಿಯೊ ಪೈರಸಿಯೂ ಸೇರಿದೆ ಅನ್ನುವವರಿದ್ದಾರೆ. ತಿಂಗಳ ಲೆಕ್ಕದಲ್ಲಿ ಹಣ ಪಡೆದು ಲಿಂಕ್ ತೆಗೆಸುವ ಏಜೆನ್ಸಿಗೆ ವಹಿಸಿ ಅನ್ನುವವರಿದ್ದಾರೆ. ಒಂದು ತಿಂಗಳು ಯೂಟ್ಯೂಬ್‌ಗೆ ಹಾಕಲೇಬೇಡಿ, ಚಂದಾ ಕಟ್ಟುವ ಆ್ಯಪ್‌ಗಳಲ್ಲಿ ಮಾತ್ರ ಬಿಡಿ ಎಂಬುದು ಮೂರನೆಯ ಸಲಹೆ. ಹಣವೂ ಕಡಿಮೆ, ಕೂತು ಕೆಲಸ ಮಾಡುವವರೂ ಕಡಿಮೆ ಇರುವಲ್ಲಿ ಯಾವುದರಿಂದ ಶುರು ಮಾಡುವುದು? ಯಾವುದನ್ನು ಕಣ್ಣುಮುಚ್ಚಿ ಬಿಟ್ಟುಬಿಡಬಹುದು?

ಹಕ್ಕುಪತ್ರ

ವಕೀಲರು, ಏಜೆನ್ಸಿ ಎಲ್ಲ ಆಮೇಲೆ. ಮೊದಲು ಕಪಾಟು ತೆಗೆದು ನೋಡಿ: ಈ ಹಾಡು ನಿಮ್ಮದು ಎಂದು ತೋರಿಸುವ ಸಹಿ ಮಾಡಿದ ಕಾಗದ ಇದೆಯೇ? ಸಣ್ಣ ಸಂಸ್ಥೆಗಳ ದೂರುಗಳು ಬಿದ್ದುಹೋಗುವುದು ಕಳ್ಳನ ಜಾಣತನದಿಂದಲ್ಲ, ಈ ಕಾಗದ ಇಲ್ಲದ್ದರಿಂದ.

1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ಕೊಟ್ಟವರ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ರಾಯಧನ ಎಷ್ಟು ಎಂಬುದೆಲ್ಲ ಸ್ಪಷ್ಟವಾಗಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಈ ಎರಡನೆಯದು ಬಹಳ ಜನರಿಗೆ ಹೊಡೆತ ಕೊಡುವುದು, ಏಕೆಂದರೆ ಕಳ್ಳಪ್ರತಿ ಇರುವ ಸರ್ವರ್ ಹೆಚ್ಚಾಗಿ ಹೊರದೇಶದ್ದು. ‘ಜಗತ್ತಿನಾದ್ಯಂತ’ ಎಂಬ ಒಂದು ಪದ ಇಲ್ಲದ ಕರಾರು ಹಿಡಿದು ಅಮೆರಿಕದ ಕಂಪನಿಗೆ ದೂರು ಕೊಟ್ಟರೆ ಅದು ಅರ್ಧ ಖಾಲಿ ಕಾಗದ. ಇನ್ನೊಂದು, ಹಕ್ಕು ಪಡೆದ ಮೇಲೆ ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ಹಕ್ಕುದಾರರಿಗೇ ಮರಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ‘ಓಕೆ ಸರ್, ಬಳಸಿಕೊಳ್ಳಿ’ ಎಂದು ಕವಿ ಕಳಿಸಿದ್ದನ್ನು ಕರಾರು ಎಂದು ನಂಬಿ ಕೂರಬೇಡಿ.

ಒಂದು ಹಾಡಿಗೆ ಕನಿಷ್ಠ ನಾಲ್ಕು ಸಹಿ ಬೇಕು: ಸಾಹಿತ್ಯ, ಸಂಗೀತ, ಗಾಯನ, ಮತ್ತು ಹಿನ್ನೆಲೆ ಸಂಗೀತ ಮಾಡಿಕೊಟ್ಟ ಅರೇಂಜರ್. ಗಾಯಕರಿಗೆ ಸೆಕ್ಷನ್ 38, 38ಎಗಳಲ್ಲಿ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿ ಇದೆ. ‘ರಾಯಧನ ಬಿಟ್ಟುಕೊಟ್ಟಿದ್ದೇನೆ’ ಎಂದು ಕವಿಯಿಂದಲೋ ಸಂಯೋಜಕರಿಂದಲೋ ಬರೆಸಿಕೊಳ್ಳುವ ಹಳೇ ಚಾಳಿ 2012ರ ತಿದ್ದುಪಡಿಯ ನಂತರ ನಿಲ್ಲುವುದಿಲ್ಲ. ಅವರ ಪಾಲು, ಕವಿ-ಸಂಯೋಜಕರ ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಮೂಲಕ, ಅವರಿಗೆ ಹೋಗಲಿ. ಪಾಲು ಬರುವ ಕವಿ ಕಳ್ಳಪ್ರತಿ ಕಂಡ ಕೂಡಲೇ ನಿಮಗೆ ಫೋನ್ ಮಾಡುತ್ತಾರೆ, ಹೆಸರೇ ಹಾಕದ ಕವಿ ಅದನ್ನೇ ತಮ್ಮ ಸ್ಟೇಟಸ್‌ನಲ್ಲಿ ಹಂಚಿಕೊಳ್ಳುತ್ತಾರೆ.

ಎರಡನೆಯದು ಐಎಸ್‌ಆರ್‌ಸಿ. ಪ್ರತಿ ಧ್ವನಿಮುದ್ರಣಕ್ಕೆ ಕೊಡುವ 12 ಅಕ್ಷರ-ಅಂಕಿಗಳ ಗುರುತು: ದೇಶಕ್ಕೆ 2, ನೋಂದಾಯಿತರಿಗೆ 3, ವರ್ಷಕ್ಕೆ 2, ಹಾಡಿಗೆ 5. ಭಾರತದಲ್ಲಿ ಇದನ್ನು ಕೊಡುವ ಸಂಸ್ಥೆ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ, ಅಂದರೆ ಐಎಂಐ. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರೂ ತಮ್ಮದನ್ನು ಕೊಡುತ್ತಾರೆ. ಒಂದು ಧ್ವನಿಮುದ್ರಣಕ್ಕೆ ಎಲ್ಲ ಆ್ಯಪ್‌ಗಳಲ್ಲೂ ಒಂದೇ ಸಂಖ್ಯೆ ಇರಬೇಕು. ಲೈವ್, ರಿಮಿಕ್ಸ್, ವೇಗ ಹೆಚ್ಚಿಸಿದ ಆವೃತ್ತಿಗೆ ಬೇರೆ. ವಿತರಕರನ್ನು ಬದಲಿಸುವಾಗ ಹಳೇ ಸಂಖ್ಯೆ ಬಿಟ್ಟು ಹೊಸದು ತೆಗೆದುಕೊಂಡರೆ ಹಳೆಯ ಕೇಳುವಿಕೆಯ ಲೆಕ್ಕ ಮಾತ್ರವಲ್ಲ, ದೂರಿಗೆ ಬೇಕಾದ ಇತಿಹಾಸವೂ ಹೋಯಿತು.

ಮೂರನೆಯದು ಯೂಟ್ಯೂಬ್‌ನ ಕಂಟೆಂಟ್ ಐಡಿ, ಅಂದರೆ ನೀವು ಕೊಟ್ಟ ಮೂಲ ಆಡಿಯೊವನ್ನು ಇತರರ ವಿಡಿಯೊಗಳೊಂದಿಗೆ ಹೋಲಿಸಿ ಹಿಡಿಯುವ ಯಂತ್ರ ವ್ಯವಸ್ಥೆ. ನೇರ ಪ್ರವೇಶ ದೊಡ್ಡ ಸಂಗ್ರಹ ಇರುವವರಿಗೆ ಮಾತ್ರ. ಸಣ್ಣವರು ವಿತರಕರ ಮೂಲಕ ಹೋಗಬೇಕು, ಅವರು ಅದರ ಆದಾಯದಲ್ಲಿ ಪಾಲು ಹಿಡಿಯುತ್ತಾರೆ. ಸಹಿ ಹಾಕುವ ಮೊದಲು ಕೇಳಬೇಕಾದ್ದು: ನಮ್ಮ ಚಾನೆಲ್, ಗಾಯಕರ ಚಾನೆಲ್‌ಗಳನ್ನು ವಿನಾಯಿತಿ ಪಟ್ಟಿಗೆ ಸೇರಿಸುತ್ತೀರಾ? ತಕರಾರು ಬಂದರೆ ಉತ್ತರ ಕೊಡುವವರು ಯಾರು? ಜಾಹೀರಾತು ಹಣ ಪಡೆಯುವುದಷ್ಟೇ ಅಲ್ಲದೆ ತಡೆಯುವ ಆಯ್ಕೆಯೂ ಇದೆಯೇ? ಮೂಲ ಆಡಿಯೊ ಯೂಟ್ಯೂಬ್ ತಲುಪುವುದು ಬಿಡುಗಡೆಗೆ ಮೊದಲೋ ಆಮೇಲೋ? ಈ ಕೊನೆಯದನ್ನು ಮರೆತವರೇ ಹೆಚ್ಚು. ಬಿಡುಗಡೆಯಾಗಿ ಮೂರು ದಿನದ ನಂತರ ಮೂಲ ಆಡಿಯೊ ಸೇರಿದರೆ ಆ ಮೂರು ದಿನದ ಕಳ್ಳ ವೀಕ್ಷಣೆಯ ಹಣ ಹೋದಂತೆಯೇ.

ಹೀಗೆ ಹಿಡಿದ ವಿಡಿಯೊದವರಿಂದ ತಕರಾರು ಬಂದಾಗ ಉತ್ತರಿಸಲು 30 ದಿನ. ಸುಮ್ಮನಿದ್ದರೆ ನಿಮ್ಮ ಹಕ್ಕುಕೋರಿಕೆ ತಾನಾಗಿ ಬಿದ್ದುಹೋಗುತ್ತದೆ. ಒಂದೇ ಹಾಡನ್ನು ಇಬ್ಬರು ವಿತರಕರ ಮೂಲಕ ಕಳಿಸಬೇಡಿ: ಒಂದೇ ಪ್ರದೇಶಕ್ಕೆ ಇಬ್ಬರು ಮಾಲೀಕರು ಕಂಡರೆ ಯೂಟ್ಯೂಬ್ ಅದನ್ನು ಮಾಲೀಕತ್ವದ ಘರ್ಷಣೆ ಎಂದು ಬದಿಗಿಡುತ್ತದೆ, ಹಣ ಯಾರಿಗೂ ಇಲ್ಲ.

ಶ್ರುತಿ ಸ್ವಲ್ಪ ಏರಿಸಿದ್ದನ್ನು ಯಂತ್ರ ಹಿಡಿಯುತ್ತದೆ, ಬಹಳ ತಿರುಚಿದ್ದು ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಂಡದ್ದಕ್ಕೆ ವೆಬ್‌ಫಾರ್ಮ್‌ನಲ್ಲಿ ಕೈಯಾರೆ ದೂರು. 90 ದಿನದಲ್ಲಿ ಮೂರು ಸ್ಟ್ರೈಕ್ (ದೂರಿನಿಂದ ಬೀಳುವ ದಂಡನೆಯ ಗುರುತು) ಬಿದ್ದ ಚಾನೆಲ್ ಮುಚ್ಚಿಹೋಗುವ ಸ್ಥಿತಿಗೆ ಬರುತ್ತದೆ. ಹಾಗೆಂದು ಮದುವೆ ವಿಡಿಯೊ, ಶಾಲಾ ವಾರ್ಷಿಕೋತ್ಸವದ ನೃತ್ಯ, ಅಭಿಮಾನಿಗಳ ಕವರ್‌ಗಳಿಗೆ ಸ್ಟ್ರೈಕ್ ಹೊಡೆಯುವುದು ದಡ್ಡತನ. ಅವುಗಳಿಂದ ಜಾಹೀರಾತಿನ ಪಾಲು ಪಡೆಯಿರಿ. ಪೂರ್ತಿ ಹಾಡನ್ನು ಹಾಗೇ ಏರಿಸಿದ ‘ಆಡಿಯೊ ಜ್ಯೂಕ್‌ಬಾಕ್ಸ್’ ಚಾನೆಲ್‌ಗಳನ್ನು ಮಾತ್ರ ತಡೆಯಿರಿ.

ಶ್ರುತಿಪೆಟ್ಟಿಗೆ

ಒಂದು ತಿಂಗಳು ಯೂಟ್ಯೂಬ್‌ನಿಂದ ದೂರ ಇಡಿ ಎಂಬ ಸಲಹೆ ಕೊಟ್ಟವರು ಯಾರೋ ತಿಳಿಯದು, ಅದನ್ನು ಮಾತ್ರ ಪಾಲಿಸಬೇಡಿ. ಹಾಡಿನ ಹುಡುಕಾಟ ಉತ್ತುಂಗದಲ್ಲಿರುವುದು ಮೊದಲ ಎರಡು ಮೂರು ದಿನ. ಆಗ ಅಧಿಕೃತ ವಿಡಿಯೊ ಇಲ್ಲದಿದ್ದರೆ ಮೊದಲು ಏರಿಸಿದ ಕಳ್ಳನದೇ ಹುಡುಕಾಟದ ತುದಿಯಲ್ಲಿ ಕೂರುತ್ತದೆ, ಕಾಮೆಂಟು ಲೈಕುಗಳು ಅವನಿಗೇ ಸೇರುತ್ತವೆ. ತಿಂಗಳ ನಂತರ ನೀವು ಬಂದಾಗ ಕೇಳುಗನಿಗೆ ನಿಮ್ಮದೇ ನಕಲಿನಂತೆ ಕಾಣುತ್ತದೆ.

ದೊಡ್ಡ ಉದ್ಯಮವೇ ಈ ಪಾಠವನ್ನು ದುಬಾರಿ ಬೆಲೆಗೆ ಕಲಿತದ್ದು. 1999ರಲ್ಲಿ ಹಾಡಿನ ಫೈಲು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, 2001ರಲ್ಲಿ ಕೋರ್ಟು ಅದನ್ನು ನಿಲ್ಲಿಸಿತು, ಹಿಂದೆಯೇ ಹತ್ತಾರು ಹುಟ್ಟಿದವು. 2003ರಿಂದ 2008ರವರೆಗೆ ಅಮೆರಿಕದ ಧ್ವನಿಮುದ್ರಣ ಕಂಪನಿಗಳು ಸಾವಿರಾರು ಸಾಮಾನ್ಯ ಕೇಳುಗರ ಮೇಲೆ ದಾವೆ ಹೂಡಿದವು. 24 ಹಾಡು ಹಂಚಿಕೊಂಡ ಒಬ್ಬ ಮಹಿಳೆಗೆ 2007ರಲ್ಲಿ 2,22,000 ಡಾಲರ್ ದಂಡ, 2009ರ ಮರುವಿಚಾರಣೆಯಲ್ಲಿ ಅದು 19 ಲಕ್ಷ ಡಾಲರ್ ದಾಟಿತು, ಕೊನೆಗೆ ಮೇಲ್ಮನವಿಯಲ್ಲಿ ಮೊದಲಿನ ಮೊತ್ತಕ್ಕೇ ಬಂದು ನಿಂತಿತು. ವಸೂಲಾದದ್ದಕ್ಕಿಂತ ಕೆಟ್ಟ ಹೆಸರೇ ಜಾಸ್ತಿ. 2005ರಲ್ಲಿ ಸೋನಿ ಬಿಎಂಜಿ ತನ್ನ ಸಿಡಿಗಳಲ್ಲಿ ನಕಲು ತಡೆಯುವ ತಂತ್ರಾಂಶ ತುರುಕಿತು. ಅದು ಗಿರಾಕಿಯ ಕಂಪ್ಯೂಟರಿನಲ್ಲಿ ಅಡಗಿ ಕೂತು ವೈರಸ್ಸುಗಳಿಗೆ ಬಾಗಿಲು ತೆರೆದದ್ದರಿಂದ ಸಿಡಿಗಳನ್ನೇ ವಾಪಸು ಪಡೆಯಬೇಕಾಯಿತು. ಹಣ ಕೊಟ್ಟು ಕೊಂಡವನಿಗೆ ಶಿಕ್ಷೆ, ಕದ್ದವನಿಗೆ ಶುದ್ಧ ಎಂಪಿ3. 2009ರಲ್ಲಿ ಐಟ್ಯೂನ್ಸ್ ಅಂಗಡಿಯ ಹಾಡುಗಳಿಂದ ಬೀಗ ತೆಗೆದರು. ಜಾಗತಿಕ ಆದಾಯ ಮತ್ತೆ ಏರತೊಡಗಿದ್ದು ಸ್ಟ್ರೀಮಿಂಗ್ ಸಲೀಸಾದ ಮೇಲೆ, 2015ರಿಂದ ಈಚೆಗೆ. ದಾವೆಗಳಿಂದ ಅಲ್ಲ.

ನಮ್ಮಲ್ಲಿ ಪರಿಸ್ಥಿತಿ ಇನ್ನೊಂದು ರೀತಿ ಬಿಗಿಯಾಗಿದೆ. 2022ರಲ್ಲಿ ಗಾನಾ ಉಚಿತ ಕೇಳುವಿಕೆ ನಿಲ್ಲಿಸಿತು, 2024ರ ಆರಂಭದಲ್ಲಿ ರೆಸ್ಸೋ ಭಾರತ ಬಿಟ್ಟಿತು, ಅದೇ ವರ್ಷ ವಿಂಕ್ ಮುಚ್ಚಿತು. ಉಚಿತವಾಗಿ ಕೇಳುತ್ತಿದ್ದವರೆಲ್ಲ ಚಂದಾದಾರರಾಗಲಿಲ್ಲ. ಒಂದಿಷ್ಟು ಜನ ಯೂಟ್ಯೂಬ್‌ಗೆ ಹೋದರು, ಒಂದಿಷ್ಟು ಜನ ಮಾಡ್ ಎಪಿಕೆ, ಅಂದರೆ ಚಂದಾ ಕಟ್ಟದೆ ಕೇಳುವಂತೆ ತಿದ್ದಿದ ಆ್ಯಪ್, ಹಾಕಿಕೊಂಡರು. ಮಾಡ್ ಎಪಿಕೆ ನಿಮ್ಮ ತಲೆನೋವಲ್ಲ, ಆ ಆ್ಯಪ್ ನಡೆಸುವ ಕಂಪನಿಯದು. ಅದರ ಹಿಂದೆ ಬೀಳಬೇಡಿ.

ಜನ ಡೌನ್‌ಲೋಡ್ ಸೈಟಿಗೆ ಹೋಗುವುದು ಯಾಕೆ ಎಂದು ನೋಡಿ: ಕಾರಿನ ಪೆನ್‌ಡ್ರೈವ್, ಟ್ರ್ಯಾಕ್ಟರಿನ ಸ್ಟೀರಿಯೊ, ದೇವಸ್ಥಾನದ ಮೈಕು, ಆರ್ಕೆಸ್ಟ್ರಾದವರ ಅಭ್ಯಾಸ, ಸಿಗ್ನಲ್ ಇಲ್ಲದ ಘಟ್ಟದ ಊರು. ಇವರಿಗೆಲ್ಲ ಫೈಲೇ ಬೇಕು. ಆಲ್ಬಂ ಪೂರ್ತಿ ಎಂಪಿ3ಯನ್ನು ಯುಪಿಐ ಮೂಲಕ ಸಣ್ಣ ಮೊತ್ತಕ್ಕೆ ನೀವೇ ಮಾರಿ. ಫೈಲಿನ ಟ್ಯಾಗ್‌ನಲ್ಲಿ ಹಾಡಿನ ಹೆಸರು, ಕವಿ, ಗಾಯಕರು, ನಿಮ್ಮ ಚಾನೆಲ್ ವಿಳಾಸ ಇರಲಿ. ಅದು ಮುಂದೆ ನಾಲ್ಕು ಜನರಿಗೆ ಹೋದರೂ ನಿಮ್ಮ ಹೆಸರು ಹೊತ್ತುಕೊಂಡು ಹೋಗುತ್ತದೆ.

ಹೆಸರು ಬರೆಯುವ ಕ್ರಮವೂ ಪೈರಸಿಯ ವಿಷಯವೇ. ಶೀರ್ಷಿಕೆ ಕನ್ನಡ ಲಿಪಿಯಲ್ಲಿ ಮಾತ್ರ ಇದ್ದರೆ ರೋಮನ್ ಅಕ್ಷರದಲ್ಲಿ ಹುಡುಕುವವನಿಗೆ ಸಿಗುವುದಿಲ್ಲ, ಕಳ್ಳ ಸೈಟುಗಳು ಒಂದೇ ಹಾಡಿಗೆ ನಾಲ್ಕು ಸ್ಪೆಲ್ಲಿಂಗ್ ಹಾಕಿಟ್ಟಿರುತ್ತವೆ. ಎರಡೂ ಲಿಪಿ ಕೊಡಿ, ಭಾಷೆಯ ಖಾನೆಯಲ್ಲಿ ಕನ್ನಡ ಎಂದೇ ಆರಿಸಿ, ಮೊದಲ ಸಾಲನ್ನೂ ಪಲ್ಲವಿಯ ಸಾಲನ್ನೂ ವಿವರಣೆಯಲ್ಲಿ ಬರೆಯಿರಿ. ಜನ ಹುಡುಕುವುದು ಶೀರ್ಷಿಕೆಯಿಂದಲ್ಲ, ನೆನಪಿರುವ ಸಾಲಿನಿಂದ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನ ಆಡಿಯೊ ಲೈಬ್ರರಿಗೂ ವಿತರಕರ ಮೂಲಕ ಅದೇ ದಿನ ಸೇರಿಸಿ. ರೀಲ್ಸ್‌ನ ತುಣುಕು ಎಲ್ಲಿಂದ ಶುರುವಾಗಬೇಕು ಎಂಬ ಸಮಯ ಕೊಡಲು ಅವಕಾಶ ಇದ್ದರೆ ಪಲ್ಲವಿಯ ಸೆಕೆಂಡು ಕೊಡಿ. ಇಲ್ಲದಿದ್ದರೆ ಆರಂಭದ ಆಲಾಪವೇ ಬರುತ್ತದೆ, ಜನ ತಾವೇ ಕತ್ತರಿಸಿ ‘ಒರಿಜಿನಲ್ ಆಡಿಯೊ’ ಎಂದು ಏರಿಸುತ್ತಾರೆ.

ಮಲಪ್ರಭಾ ದಂಡಿ

ಮ್ಯಾಲಿನವರು ಹೇಳಿದ್ದು ಖರೇ ಐತ್ರಿ, ಆದ್ರ ಜಾನಪದದವರಿಗೆ ಕಂಟೆಂಟ್ ಐಡಿ ಅನ್ನೋದು ಎರಡೂ ಕಡೆ ಹರಿಯೋ ಗರಗಸ. ಕೀಬೋರ್ಡಿನ್ಯಾಗ ಬರೋ ರಿದಮ್ಮು, ಇಂಟರ್‌ನೆಟ್‌ನ್ಯಾಗ ಕೊಂಡ ತಬಲಾ-ಢೋಲಕ್ ಲೂಪು ಹಾಕಿ ಟ್ರ್ಯಾಕ್ ಮಾಡಿರ್ತಾರ. ಅದ ಲೂಪ್ ಇನ್ನ ನೂರು ಮಂದಿ ಬಳಸಿರ್ತಾರ. ನೀವು ಅದನ್ನ ಮೂಲ ಆಡಿಯೊ ಅಂತ ಕೊಟ್ರಿ ಅಂದ್ರ ನಿಮ್ಮ ಹಾಡು ಕಳುವು ಮಾಡದವರ ವಿಡಿಯೊಕ್ಕೂ ನಿಮ್ಮ ಕ್ಲೇಮ್ ಹೋಗಿ ಕುಂದ್ರತೈತಿ. ಅವರು ತಕರಾರು ತಗೀತಾರ, ಅಂಥಾವು ನಾಕು ಆದ್ವು ಅಂದ್ರ ವಿತರಕರು ನಿಮ್ಮ ಸೌಲಭ್ಯಾನ ತಗದಬಿಡ್ತಾರ. ಮತ್ತೊಬ್ಬರಿಗೂ ಮಾರಾಟ ಆಗಿರೋ ಲೂಪು, ಬೀಟು, ಕರೋಕೆ ಟ್ರ್ಯಾಕು ಕಂಟೆಂಟ್ ಐಡಿಗೆ ಅರ್ಹ ಅಲ್ಲ. ಬರೇ ಲೂಪ್ ನುಡಿಯೋ ಭಾಗಾನ, ಅಂದ್ರ ಶುರುವಿನ ನಾಕು ಸಾಲು, ನಡುವಿನ ಬಿಡುವು, ಮೂಲ ಆಡಿಯೊದಿಂದ ಹೊರಗ ಇಡಸ್ರಿ. ಇಲ್ಲಾಂದ್ರ ಡೊಳ್ಳು-ಹಲಗಿ ಕೂಡಿಸಿ ನೀವ ನುಡಿಸಿ ಹೊಸದಾಗಿ ರೆಕಾರ್ಡ್ ಮಾಡ್ರಿ.

ಇನ್ನ ಹಳೇ ಗೀಗೀ ಪದದ ಧಾಟಿ, ಸೋಬಾನೆ ಪದ, ದಾಸರ ಪದದ ಸಾಹಿತ್ಯ ಯಾರಪ್ಪನ ಆಸ್ತೀನೂ ಅಲ್ಲ. ನಿಮ್ಮದು ಅಂದ್ರ ನೀವು ಮಾಡಿದ ಧ್ವನಿಮುದ್ರಣ ಅಷ್ಟ. ಬ್ಯಾರೆ ಊರಿನ ತಂಡ ಅದ ಪದ ತಾನ ಹಾಡಿ ಹಾಕಿದ್ರ ಅದು ಪೈರಸಿ ಅಲ್ಲ. ಅದಕ್ಕ ನೋಟಿಸ್ ಕೊಟ್ರ ಸೆಕ್ಷನ್ 60ರೊಳಗ ಅವರ ನಿಮ್ಮ ಮ್ಯಾಲ ಕೋರ್ಟಿಗೆ ಹೋಗಬಹುದು, ಆಧಾರ ಇಲ್ಲದ ಬೆದರಿಕೆ ಅಂತ.

ತಿರುಗಾ ಮುರುಗಾ ಆಗೋದೂ ಐತಿ. ನಿಮ್ಮ ಹಾಡನ್ನ ಯಾರೋ ಕದ್ದು ತಮ್ಮ ಹೆಸರಲೆ ವಿತರಕರಿಗೆ ಕೊಟ್ಟು, ನಿಮ್ಮ ಚಾನೆಲ್‌ಗ ಕ್ಲೇಮ್ ಹೊಡೀತಾರ. ಆವಾಗ ಸಿಟ್ಟಿನ್ಯಾಗ ವಿಡಿಯೊ ಡಿಲೀಟ್ ಮಾಡಬ್ಯಾಡ್ರಿ, ನಿಮ್ಮ ಮೊದಲ ಅಪ್‌ಲೋಡ್ ತಾರೀಖ ನಿಮ್ಮ ಸಾಕ್ಷಿ. ತಕರಾರು ಹಾಕ್ರಿ. ಹಾಡಿನ ಪ್ರಾಜೆಕ್ಟ್ ಫೈಲು, ಬಿಡಿಬಿಡಿ ಟ್ರ್ಯಾಕುಗಳು, ಸ್ಟುಡಿಯೊ ಬಿಲ್ಲು ಒಂದ ಕಡೆ ಇಟ್ಟಿರ್ರಿ. ಪ್ರಾಜೆಕ್ಟ್ ಫೈಲು ಸಮೇತ ತೋರಸೋದು ಕದ್ದಾವಗ ಸುಲಭ ಅಲ್ಲ.

ಲಿಂಕ್ ಬೇಟೆ

ನೋಟಿಸ್ ವಿಚಾರ ನಾನು ಹೇಳುತ್ತೇನೆ. ಎರಡು ದಾರಿ ಇವೆ, ಎರಡನ್ನೂ ಕಲಸಬೇಡಿ.

ಭಾರತದ ದಾರಿ: ಕಾಯ್ದೆಯ ಸೆಕ್ಷನ್ 52(1)(ಸಿ) ಮತ್ತು 2013ರ ಹಕ್ಕುಸ್ವಾಮ್ಯ ನಿಯಮಗಳ 75ನೇ ನಿಯಮ. ನೋಟಿಸಿನಲ್ಲಿ ಕೃತಿಯ ವಿವರ, ನೀವು ಮಾಲೀಕರು ಅಥವಾ ಏಕಸ್ವಾಮ್ಯದ ಪರವಾನಗಿದಾರರು ಎನ್ನುವುದಕ್ಕೆ ದಾಖಲೆ, ಇದು ಸೆಕ್ಷನ್ 52ರ ವಿನಾಯಿತಿಗಳಲ್ಲಿ ಬರುವುದಿಲ್ಲ ಎಂಬ ಮಾತು, ಫೈಲು ಇರುವ ನಿಖರ ಜಾಗ, ಏರಿಸಿದವರು ಗೊತ್ತಿದ್ದರೆ ಅವರ ವಿವರ, ಮತ್ತು ನ್ಯಾಯಾಲಯಕ್ಕೆ ಹೋಗಿ 21 ದಿನದೊಳಗೆ ಆದೇಶ ತರುತ್ತೇವೆ ಎಂಬ ಮುಚ್ಚಳಿಕೆ ಇರಬೇಕು. ಮಧ್ಯವರ್ತಿ, ಅಂದರೆ ಫೈಲು ಇರುವ ತಾಣ ನಡೆಸುವವರು, 36 ಗಂಟೆಯೊಳಗೆ ಪ್ರವೇಶ ತಡೆಯಬೇಕು. ಕೊಕ್ಕೆ ಇರುವುದು ಕೊನೆಯಲ್ಲಿ: 21 ದಿನದಲ್ಲಿ ಆದೇಶ ತರದಿದ್ದರೆ ಫೈಲನ್ನು ಮತ್ತೆ ತೆರೆಯಬಹುದು, ಅದೇ ಕೃತಿಗೆ ಅದೇ ಜಾಗದ ಬಗ್ಗೆ ನಿಮ್ಮ ಮುಂದಿನ ನೋಟಿಸಿಗೆ ಉತ್ತರಿಸುವ ಹಂಗೂ ಅವರಿಗಿಲ್ಲ. ಹಾಗಾಗಿ ಕೋರ್ಟಿಗೆ ಹೋಗುವ ಮನಸ್ಸಿಲ್ಲದಿದ್ದರೆ ಈ ಅಸ್ತ್ರವನ್ನು ಚಿಲ್ಲರೆ ಲಿಂಕಿಗೆ ಖರ್ಚು ಮಾಡಬೇಡಿ.

ಅಮೆರಿಕದ ದಾರಿ, ಡಿಎಂಸಿಎ ಎಂಬ ಅಲ್ಲಿನ ಹಕ್ಕುಸ್ವಾಮ್ಯ ಕಾನೂನು: ಗೂಗಲ್, ಯೂಟ್ಯೂಬ್, ಮೆಟಾ ಎಲ್ಲವೂ ತಮ್ಮ ಫಾರ್ಮ್‌ಗಳನ್ನು ಇದರ ಮೇಲೆಯೇ ಕಟ್ಟಿವೆ. ಕೋರ್ಟ್ ಆದೇಶ ಮೊದಲೇ ಬೇಡ. ಎದುರಾಳಿ ಪ್ರತಿ ನೋಟಿಸ್ ಕೊಟ್ಟರೆ ಮಾತ್ರ ಯೂಟ್ಯೂಬ್‌ನಲ್ಲಿ 10 ಅಮೆರಿಕನ್ ಕೆಲಸದ ದಿನಗಳೊಳಗೆ ದಾವೆ ಹೂಡಿದ ದಾಖಲೆ ತೋರಿಸಬೇಕು. ಕಳ್ಳ ಚಾನೆಲ್‌ನವರು ತಮ್ಮ ನಿಜವಾದ ಹೆಸರು ವಿಳಾಸ ಕೊಟ್ಟು ಪ್ರತಿ ನೋಟಿಸ್ ಹಾಕುವುದು ಅಪರೂಪ. ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿ ಎಂಬ ಘೋಷಣೆಗೆ ನೀವು ಸಹಿ ಹಾಕುತ್ತಿದ್ದೀರಿ ಎಂಬುದು ನೆನಪಿರಲಿ.

ಒಕ್ಕಣೆ ಸರಳವಾಗಿರಲಿ, ಆವೇಶ ಬೇಡ. ನೋಟಿಸ್ ಹೋಗುವುದು ಇಂಗ್ಲಿಷಿನಲ್ಲಿ, ಹೂರಣ ಮಾತ್ರ ಇಷ್ಟು: ‘ಇಂಥ ಹಾಡಿನ ಧ್ವನಿಮುದ್ರಣದ ಹಕ್ಕು ನಮ್ಮದು, ಐಎಸ್‌ಆರ್‌ಸಿ ಇದು, ಇಂಥ ದಿನಾಂಕ ಬಿಡುಗಡೆಯಾಗಿದೆ, ಅಧಿಕೃತ ಲಿಂಕ್ ಇದು. ಕೆಳಗಿನ ಲಿಂಕ್‌ಗಳಲ್ಲಿ ಪೂರ್ತಿ ಹಾಡು ಅನುಮತಿಯಿಲ್ಲದೆ ಇದೆ.’ ಒಂದೊಂದು ಸಾಲಿಗೆ ಒಂದು ಲಿಂಕ್. ಸೈಟಿನ ಮುಖಪುಟ, ಹುಡುಕಾಟದ ಫಲಿತಾಂಶದ ಪುಟ ಕೊಟ್ಟರೆ ತಿರಸ್ಕಾರ ಖಚಿತ. ಹಾಡು ಇರುವ ಪುಟದ್ದೇ ವಿಳಾಸ ಬೇಕು. ಮೈಸ್ಪೇಸ್ ಎಂಬ ಜಾಲತಾಣದ ಕುರಿತ 2016ರ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದೂ ಇದನ್ನೇ: ‘ನಮ್ಮ ಹಾಡುಗಳೆಲ್ಲ ಅಲ್ಲಿವೆ’ ಎಂಬ ಸಾಮಾನ್ಯ ದೂರು ಸಾಲದು, ನಿರ್ದಿಷ್ಟ ಜಾಗ ತೋರಿಸಬೇಕು. ನೋಟಿಸಿಗೆ ಮೊದಲು ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೆದು ದಿನಾಂಕ ಸಮೇತ ಇಡಿ. ತೆಗೆದುಹಾಕಿದ ಮೇಲೆ ಸಾಕ್ಷಿಯೂ ಹೋಗಿರುತ್ತದೆ.

ಎಂಪಿ3 ಸೈಟಿಗೆ ನೇರವಾಗಿ ಬರೆಯುವುದು ಗಾಳಿಗೆ ಬರೆದಂತೆ. ಗೂಗಲ್‌ನ ತೆಗೆಸುವ ಫಾರ್ಮ್‌ನಿಂದ ಶುರು ಮಾಡಿ. ಸೈಟು ಉಳಿಯುತ್ತದೆ, ಹುಡುಕಾಟದಿಂದ ಆ ಪುಟ ಹೋಗುತ್ತದೆ. ಒಂದೇ ಸೈಟಿನ ಬಗ್ಗೆ ಸಿಂಧುವಾದ ದೂರುಗಳು ಹೆಚ್ಚಾದಷ್ಟೂ ಇಡೀ ಸೈಟಿನ ಸ್ಥಾನ ಕೆಳಗಿಳಿಯುವ ವ್ಯವಸ್ಥೆ 2012ರಿಂದ ಇದೆ. ಆಮೇಲೆ ಆ ಸೈಟಿಗೆ ಸರ್ವರಿನಲ್ಲಿ ಜಾಗ ಕೊಡುವ ಹೋಸ್ಟಿಂಗ್ ಕಂಪನಿ. ಸೈಟಿನ ಮುಂದೆ, ಅದರ ನಿಜವಾದ ಸರ್ವರ್ ಮರೆಮಾಡುವ ಕ್ಲೌಡ್‌ಫ್ಲೇರ್ ಸೇವೆ ಕೂತಿದ್ದರೆ ಅದು ಸಾಮಾನ್ಯವಾಗಿ ಏನನ್ನೂ ತೆಗೆಯುವುದಿಲ್ಲ, ದೂರನ್ನು ಹಿಂದಿನ ಹೋಸ್ಟ್‌ಗೆ ದಾಟಿಸಿ ಅದು ಯಾರು ಎಂದು ನಿಮಗೆ ತಿಳಿಸುತ್ತದೆ. ಆ ಹೆಸರು ಸಿಗುವುದೇ ಲಾಭ.

ಟೆಲಿಗ್ರಾಂನಲ್ಲಿ ಸಾರ್ವಜನಿಕ ಚಾನೆಲ್, ಬಾಟ್‌ಗಳ ಮೇಲೆ ಮಾತ್ರ ದೂರು ಕೊಡಿ, ಖಾಸಗಿ ಗುಂಪುಗಳ ಹಿಂದೆ ಬೀಳಬೇಡಿ. ಚಾನೆಲ್ ಹೆಸರಲ್ಲ, ಆ ಫೈಲು ಇರುವ ಒಂದೊಂದು ಸಂದೇಶದ ಲಿಂಕ್ ಕೊಡಿ. ವಾಟ್ಸ್‌ಆ್ಯಪ್ ಬಿಟ್ಟುಬಿಡಿ. ಕನ್ವರ್ಟರ್‌ಗಳನ್ನೂ ಬಿಟ್ಟುಬಿಡಿ: ಅಲ್ಲಿ ನಿಮ್ಮ ಫೈಲು ಇಟ್ಟಿರುವುದೇ ಇಲ್ಲ, ಕೇಳಿದಾಗ ತಯಾರಾಗುತ್ತದೆ, ಹಾಗಾಗಿ ದೂರು ಕೊಡಲು ಲಿಂಕೇ ಇಲ್ಲ. ದೊಡ್ಡ ಕಂಪನಿಗಳು ಒಟ್ಟಾಗಿ ದಾವೆ ಹೂಡಿ ಯೂಟ್ಯೂಬ್-ಎಂಪಿ3 ಎಂಬ ದೊಡ್ಡ ಸೈಟನ್ನು 2017ರಲ್ಲಿ ಮುಚ್ಚಿಸಿದವು, ಬಳಕೆದಾರರು ಪಕ್ಕದ ಸೈಟಿಗೆ ನಡೆದರು.

ಇನ್ನೊಬ್ಬರ ಹೆಸರಲ್ಲಿ ಆ್ಯಪ್‌ಗಳಿಗೆ ಏರಿದ ವೇಗದ ಆವೃತ್ತಿಗಳಿಗೆ ಒಂದೊಂದು ಆ್ಯಪ್‌ಗೂ ಬರೆಯುತ್ತಾ ಕೂರಬೇಡಿ. ಆಲ್ಬಂ ಪುಟದ ಕೊನೆಯಲ್ಲಿ ವೃತ್ತದೊಳಗೆ ‘ಪಿ’ ಇರುವ ಸಾಲು ನೋಡಿ, ಹಲವು ಸಲ ಅಲ್ಲಿಯೇ ವಿತರಕರ ಸುಳಿವು ಇರುತ್ತದೆ. ಆ ವಿತರಕರಿಗೆ ಎರಡೂ ಐಎಸ್‌ಆರ್‌ಸಿ ಹಾಕಿ ಒಂದು ದೂರು ಕೊಟ್ಟರೆ ಎಲ್ಲ ಆ್ಯಪ್‌ಗಳಿಂದ ಒಮ್ಮೆಗೇ ಇಳಿಯುತ್ತದೆ. ಮತ್ತೆ ಬರಬಾರದು ಅಂದರೆ ಆ ‘ಸ್ಪೆಡ್ ಅಪ್’ ಆವೃತ್ತಿಯನ್ನು ನೀವೇ ಅಧಿಕೃತವಾಗಿ ಬಿಡಿ. ಕೇಳಲು ನನಗೂ ಹಿಂಸೆ, ಆದರೆ ಬೇಡಿಕೆ ಇದೆ.

ಏಜೆನ್ಸಿಗೆ ಕೊಡುವುದಾದರೆ ‘ತಿಂಗಳಿಗೆ ಇಷ್ಟು ಸಾವಿರ ಲಿಂಕ್ ತೆಗೆಸಿದೆವು’ ಎಂಬ ಪಟ್ಟಿಗೆ ಮರುಳಾಗಬೇಡಿ. ಯಾರೂ ನೋಡದ ಲಿಂಕನ್ನು ಎಣಿಕೆಗೆ ಸೇರಿಸುವುದು ಸುಲಭ. ಮುಖ್ಯ ಸ್ಪೆಲ್ಲಿಂಗ್‌ಗಳಲ್ಲಿ ಹಾಡು ಹುಡುಕಿದರೆ ಮೊದಲ ಪುಟದಲ್ಲಿ ಕಳ್ಳಪ್ರತಿ ಎಷ್ಟು, ತೆಗೆಸಿದವು ಎರಡು ವಾರದ ನಂತರವೂ ಸತ್ತೇ ಇವೆಯೇ, ಇವೆರಡನ್ನು ಕರಾರಿನಲ್ಲಿ ಬರೆಸಿ. ಯಂತ್ರ ಕಳಿಸಿದ ತಪ್ಪು ನೋಟಿಸಿಗೂ ಹೆಸರು ನಿಮ್ಮದೇ.

ತಂಬೂರಿತಂತಿ

ಎಲ್ಲರಿಗೂ ಧನ್ಯವಾದ. ಎರಡು ಮೂರು ಸಂಗತಿ ಉಳಿದಿವೆ. ಕೋರ್ಟಿಗೆ ಹೋಗಲೇಬೇಕಾದ ಹಂತ ಯಾವುದು? ಬಿಡುಗಡೆಗೆ ಮೊದಲೇ ಸೋರಿಕೆಯಾದರೆ ಎಲ್ಲಿಂದ ಎಂದು ಹಿಡಿಯುವುದು ಹೇಗೆ? ಹಳೇ ಕ್ಯಾಸೆಟ್ ಭಾವಗೀತೆಗಳನ್ನು ಸಂಗ್ರಾಹಕರು ಏರಿಸಿರುತ್ತಾರಲ್ಲ, ಅವರನ್ನೂ ಇದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ?

ಹಕ್ಕುಪತ್ರ

ಕೋರ್ಟು: ಒಂದೇ ಸೈಟು ಜಾಹೀರಾತು ಹಾಕಿಕೊಂಡು ನಿಮ್ಮ ಇಡೀ ಸಂಗ್ರಹವನ್ನು ಹಂಚುತ್ತಿದ್ದು, ಗೂಗಲ್, ಹೋಸ್ಟ್ ಎರಡೂ ದಾರಿ ಮುಗಿದಿದ್ದರೆ ಮಾತ್ರ. ಸೆಕ್ಷನ್ 62ರಲ್ಲಿ ನಿಮ್ಮ ವ್ಯವಹಾರ ಇರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಬೆಂಗಳೂರಾದರೆ ಸಿಟಿ ಸಿವಿಲ್ ಕೋರ್ಟಿನ ವಾಣಿಜ್ಯ ನ್ಯಾಯಾಲಯ, ದಾವೆಯ ಮೌಲ್ಯ 3 ಲಕ್ಷ ರೂಪಾಯಿಗಿಂತ ಕಡಿಮೆ ಇರಬಾರದು. ತುರ್ತು ಮಧ್ಯಂತರ ಪರಿಹಾರ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ, ಅದು ತಪ್ಪಿದರೆ ದಾವೆಯೇ ತಿರಸ್ಕೃತ.

ಸೈಟು ತಡೆಸಿದರೆ ಮುಗಿಯಿತೇ? 2012ರಲ್ಲಿ ಐಎಂಐ ಮುಂದಾಳತ್ವದಲ್ಲಿ ಕಲ್ಕತ್ತಾ ಹೈಕೋರ್ಟಿನಿಂದ 104 ಸಂಗೀತ ಸೈಟುಗಳನ್ನು ತಡೆಯುವ ಆದೇಶ ಬಂತು. ಸೈಟಿನ ವಿಳಾಸದ ಬಾಲ ಬದಲಿಸಿ ಹಲವು ಮರಳಿದವು. ಅದಕ್ಕೆ ಉತ್ತರವಾಗಿ 2019ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ‘ಡೈನಾಮಿಕ್’ ತಡೆಯಾಜ್ಞೆ ಕೊಟ್ಟಿತು: ಹೊಸ ಪ್ರತಿಬಿಂಬ ಸೈಟು ಹುಟ್ಟಿದಾಗ ಹೊಸ ದಾವೆ ಬೇಡ, ಜಂಟಿ ರಿಜಿಸ್ಟ್ರಾರ್ ಮುಂದೆ ಪ್ರಮಾಣಪತ್ರ ಹಾಕಿ ಪಟ್ಟಿಗೆ ಸೇರಿಸಬಹುದು. ಇದರ ಖರ್ಚು ಒಬ್ಬ ಸಣ್ಣವರಿಗೆ ಆಗದ ಮಾತು. ಹಲವು ಸಂಸ್ಥೆ ಸೇರಿ ಅಥವಾ ಐಎಂಐ ಸದಸ್ಯತ್ವದ ಮೂಲಕ ಹೋದರೆ ಅರ್ಥವಿದೆ. ಬೇಕೆಂದ ಊರಲ್ಲಿ ದಾವೆ ಹೂಡುವ ಆಟವನ್ನು ಸುಪ್ರೀಂ ಕೋರ್ಟ್ 2015ರ ಸಂಜಯ್ ದಾಲಿಯಾ ಪ್ರಕರಣದಲ್ಲಿ ಬಿಗಿಮಾಡಿದೆ, ಅದನ್ನೂ ವಕೀಲರ ಬಳಿ ಕೇಳಿಕೊಳ್ಳಿ.

ಕೋರ್ಟಿನಲ್ಲಿ ಕೇಳುವ ಪರಿಹಾರ ಅಗತ್ಯ ಇರುವಷ್ಟೇ ಇರಲಿ. 2022ರ ನವೆಂಬರಿನಲ್ಲಿ ಎಂಆರ್‌ಟಿ ಮ್ಯೂಸಿಕ್‌ನ ಹಾಡುಗಳನ್ನು ರಾಜಕೀಯ ಯಾತ್ರೆಯ ವಿಡಿಯೊಗಳಿಗೆ ಬಳಸಿದ ಪ್ರಕರಣದಲ್ಲಿ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಎರಡು ಟ್ವಿಟರ್ ಖಾತೆಗಳನ್ನೇ ತಡೆಯಲು ಹೇಳಿತ್ತು. ಮರುದಿನವೇ ಹೈಕೋರ್ಟ್, ಆಕ್ಷೇಪಿತ ವಿಡಿಯೊ ತೆಗೆಯುವ ಷರತ್ತಿನೊಂದಿಗೆ ಆ ಆದೇಶ ರದ್ದು ಮಾಡಿತು. ವಿಡಿಯೊ ತೆಗೆಸಲು ಖಾತೆ ಮುಚ್ಚಿಸಬೇಕಿಲ್ಲ.

ಪೊಲೀಸ್ ದೂರು ಕೊಡಬಾರದೆಂದಲ್ಲ. ಸೆಕ್ಷನ್ 63ರಲ್ಲಿ 6 ತಿಂಗಳಿಂದ 3 ವರ್ಷ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ, ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಎಂದು 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆರೋಪಿ ಯಾರು ಎಂಬ ಎಳೆ ಕೈಯಲ್ಲಿರಬೇಕು: ದೇಣಿಗೆ ಕೇಳುವ ಯುಪಿಐ ಐಡಿ, ಜಾಹೀರಾತಿನ ಖಾತೆ, ಫೋನ್ ಸಂಖ್ಯೆ. ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕಾಯ್ದೆಯ ಹೆಸರಲ್ಲೇ ವಿಡಿಯೊ, ಆಡಿಯೊ ಪೈರೇಟ್‌ಗಳೂ ಡಿಜಿಟಲ್ ಅಪರಾಧಿಗಳೂ ಇದ್ದಾರೆ ನಿಜ. ಅದು ಮುನ್ನೆಚ್ಚರಿಕೆಯ ಬಂಧನದ ಕಾನೂನು, ಬಳಸುವ ಅಧಿಕಾರ ಸರ್ಕಾರದ್ದು, ನಿಮ್ಮ ದೂರಿನ ಕಲಂ ಅಲ್ಲ. 2023ರ ಸಿನಿಮಾಟೊಗ್ರಾಫ್ ತಿದ್ದುಪಡಿಯ ನೋಡಲ್ ಅಧಿಕಾರಿಗಳೂ ಸಿನಿಮಾಕ್ಕೆ, ಬಿಡಿ ಹಾಡಿಗೆ ಅಲ್ಲ.

ಸಂಗ್ರಾಹಕರ ಮೇಲೆ ಸ್ಟ್ರೈಕ್ ಹೊಡೆಯಬೇಡಿ. ಎಷ್ಟೋ ಸಲ ಸಂಸ್ಥೆಯ ಬಳಿ ಮಾಸ್ಟರ್ ಟೇಪೇ ಉಳಿದಿರುವುದಿಲ್ಲ, ಅವರ ಕ್ಯಾಸೆಟ್ಟೇ ಇರುವುದರಲ್ಲಿ ಚೆನ್ನಾಗಿರುವ ಪ್ರತಿ. ಕಂಟೆಂಟ್ ಐಡಿಯಲ್ಲಿ ಹಣದ ಪಾಲು ಪಡೆದು ವಿಡಿಯೊ ಇರಲು ಬಿಡಿ, ಅವರಿಂದ ಕ್ಯಾಸೆಟ್ ಎರವಲು ಪಡೆದು 24 ಬಿಟ್‌ನಲ್ಲಿ ಮರುಮುದ್ರಿಸಿ, ಟೇಪಿಗೆ ತಾಗುವ ಹೆಡ್ಡಿನ ಕೋನವನ್ನು (ಅಜಿಮತ್) ಪ್ರತಿ ಕ್ಯಾಸೆಟ್ಟಿಗೂ ಹೊಂದಿಸಿಕೊಂಡು. ಕಾಲಾವಧಿಯನ್ನೂ ಲೆಕ್ಕ ಹಾಕಿ: ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, 1964ರದ್ದು 2024ರ ಕೊನೆಗೆ ಮುಗಿದಿದೆ. ಆದರೆ ಸಾಹಿತ್ಯ, ಸಂಗೀತದ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದಿಡಿ.

ಶ್ರುತಿಪೆಟ್ಟಿಗೆ

ಸೋರಿಕೆಗೆ ಒಂದು ಅಗ್ಗದ ಉಪಾಯ. ಬಿಡುಗಡೆಗೆ ಮೊದಲು ಹಾಡು ಲಿರಿಕಲ್ ವಿಡಿಯೊ ಮಾಡುವವರು, ನೃತ್ಯ ನಿರ್ದೇಶಕರು, ರೇಡಿಯೊ, ಪತ್ರಕರ್ತರು ಹೀಗೆ ಹಲವು ಕೈಗೆ ಹೋಗುತ್ತದೆ. ಎಲ್ಲರಿಗೂ ಒಂದೇ ಫೈಲು ಕಳಿಸಬೇಡಿ. ಹಾಡಿನಲ್ಲಿ ಎಂಟು ಜಾಗ ಗುರುತಿಸಿ, ಪ್ರತಿ ಜಾಗದಲ್ಲೂ ಒಂದು ಖಂಜಿರ ಅಥವಾ ಶೇಕರ್ ಪೆಟ್ಟನ್ನು ಒಂದೋ ಹಾಗೇ ಬಿಡಿ, ಇಲ್ಲವೇ 2 ಡೆಸಿಬೆಲ್ ಇಳಿಸಿ. ಎಂಟು ಜಾಗಕ್ಕೆ 256 ಬೇರೆ ಬೇರೆ ಪ್ರತಿ ಆಗುತ್ತವೆ. ಯಾರಿಗೆ ಯಾವುದು ಹೋಯಿತೆಂದು ಒಂದು ಪಟ್ಟಿ ಇಡಿ. ಸೋರಿದ ಫೈಲು ಸಿಕ್ಕಾಗ ನಿಮ್ಮ ಪ್ರತಿಯೊಂದಿಗೆ ಸ್ಯಾಂಪಲ್ ಲೆಕ್ಕದಲ್ಲಿ ಜೋಡಿಸಿ, ಒಂದರ ಫೇಸ್ ತಿರುಗಿಸಿ, ಅಂದರೆ ತರಂಗವನ್ನು ತಲೆಕೆಳಗು ಮಾಡಿ, ಕೂಡಿಸಿ: ಒಂದೇ ಆಗಿರುವ ಭಾಗಗಳು ಪರಸ್ಪರ ಅಳಿಸಿಹೋಗುತ್ತವೆ. ಎಂಪಿ3 ಆಗಿದ್ದರೆ ಪೂರ್ತಿ ಮೌನ ಬರುವುದಿಲ್ಲ, ಆದರೆ ಹೊಂದುವ ಪ್ರತಿಯಲ್ಲಿ ಆ ಎಂಟು ಜಾಗಗಳಲ್ಲಿ ಪೆಟ್ಟು ಮೇಲೇಳುವುದಿಲ್ಲ. ಆರಂಭದ ಮೌನ ಹೆಚ್ಚು ಕಡಿಮೆ ಮಾಡಿ ಗುರುತು ಹಾಕುವವರಿದ್ದಾರೆ, ಅದನ್ನು ಕತ್ತರಿಸಿದರೆ ಹೋಯಿತು. ಮೈಕಿನಲ್ಲಿ ಮರುಮುದ್ರಿಸಿದ ಫೈಲಿಗೆ ಈ ಫೇಸ್ ಪರೀಕ್ಷೆ ನಡೆಯದು, ಎಂಟೂ ಜಾಗವನ್ನು ಕಿವಿಯಿಂದ, ತರಂಗ ನೋಡಿ ಹೋಲಿಸಬೇಕು.

ಹೊರಗೆ ಹೋಗುವುದು 128 ಕೆಬಿಪಿಎಸ್ ಎಂಪಿ3 ಮಾತ್ರ ಇರಲಿ, ಅವಧಿ ಮುಗಿಯುವ ಲಿಂಕಿನಲ್ಲಿ. ಪೂರ್ಣ ಗುಣಮಟ್ಟದ ವೇವ್ ಫೈಲು ವಿತರಕರಿಗೆ ಬಿಟ್ಟು ಯಾರಿಗೂ ಬೇಡ, ಅದೂ ಬಿಡುಗಡೆಗೆ ಮೂರು ನಾಲ್ಕು ವಾರ ಮೊದಲೇ ತಲುಪಲಿ. ಕೊನೆಯ ದಿನ ಅವಸರದಲ್ಲಿ ‘ಸದ್ಯ ವಾಟ್ಸ್‌ಆ್ಯಪ್‌ನಲ್ಲೇ ಹಾಕಿಬಿಡಿ’ ಎಂದು ಕೇಳುವವರು ಬರುತ್ತಾರೆ, ಅವರಿಗೂ ಪಟ್ಟಿಯಲ್ಲಿ ನಮೂದಿಸಿ ಗುರುತು ಹಾಕಿದ ಪ್ರತಿಯನ್ನೇ ಕೊಡಿ.